ಹಸೆಯ ಮುಂದೆ ಕೊಟ್ಟ ರಿಟಾರ್ಟು

ಒಬ್ಬರು ಚುಚ್ಚಿದರೆ ಇನ್ನೊಬ್ಬರು ತಿರುಗಿಸಿ ಹೇಳುವುದಕ್ಕೆ ನೀವು ಮಕ್ಕಳು ‘ಕೌಂಟರ್’ ಅನ್ನುತ್ತೀರಿ. ನಿಮ್ಮ ತಾತ ಅದಕ್ಕೆ ‘ರಿಟಾರ್ಟ್’ ಅನ್ನುತ್ತಿದ್ದರು. ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದ್ದ ನನಗೆ ಆ ಪದ ಸಿಕ್ಕಿದ್ದು ಮದುವೆಯಾಗಿ ರಾಜಾಜಿನಗರಕ್ಕೆ ಬಂದ ಹೊಸದರಲ್ಲಿ. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು.

ಒಂದು ಸಂಜೆ ಅವರು ಆಫೀಸಿನಿಂದ ನಗುತ್ತಲೇ ಬಂದರು. “ಇವತ್ತು ನಮ್ಮ ಗುಮಾಸ್ತ ಒಬ್ಬ ಎಂಥ ರಿಟಾರ್ಟ್ ಕೊಟ್ಟ ಗೊತ್ತೇನೇ? ಸಾಹೇಬ್ರು, ಆಫೀಸಲ್ಲೇ ತೂಕಡಿಸ್ತೀಯೇನಯ್ಯಾ ಅಂದ್ರು. ಅವನು, ಮನೇಲಿ ಮಗು ಮಲಗಕ್ಕೆ ಬಿಡಲ್ಲ, ಇಲ್ಲಿ ನೀವು ಬಿಡಲ್ಲ, ನಾನೆಲ್ಲಿ ಮಲಗ್ಲಿ ಸಾರ್ ಅಂದ.”

“ಕೆಲಸ ಹೋಗ್ಲಿಲ್ವೇನ್ರೀ?”

“ಸಾಹೇಬ್ರೇ ನಕ್ಬಿಟ್ರು.”

“ನಮ್ಮೂರಲ್ಲಿ ಅದಕ್ಕೆ ಎದುರುತ್ತರ ಅಂತಾರೆ. ಬೆನ್ನಿಗೆ ಬೀಳುತ್ತೆ.”

“ಅದು ಕೋಪದ್ದು ಕಣೇ. ಇದು ಬೇರೆ. ಅವರು ಎಸೆದ ಮಾತನ್ನೇ ಹಿಡಿದು ವಾಪಸ್ ಎಸೀಬೇಕು, ಪೆಟ್ಟಾಗಬಾರದು. ಆಗಲೇ ಎಸೀಬೇಕು. ನಾಳೆ ಬೆಳಗ್ಗೆ ಹೊಳೆದ್ರೆ ಉಪಯೋಗ ಇಲ್ಲ.”

ನನಗೆ ಹೊಳೆಯುತ್ತಿದ್ದುದೆಲ್ಲ ಮಾರನೆಯ ಬೆಳಗ್ಗೆಯೇ, ಪಾತ್ರೆ ತೊಳೆಯುವಾಗ. ಹೊಳೆದರೂ ಬಾಯಿಗೆ ಬರುತ್ತಿರಲಿಲ್ಲ. ಹೊರಗಿನವರಿರಲಿ, ನನ್ನ ಧ್ವನಿ ಹೇಗಿದೆಯೆಂದು ನಮ್ಮತ್ತೆಗೂ ಸರಿಯಾಗಿ ಗೊತ್ತಿರಲಿಲ್ಲ.

ಮರುವರ್ಷ ನನ್ನ ನಾದಿನಿಯ ಮದುವೆ, ಮನೆ ಮುಂದಿನ ಚಪ್ಪರದಲ್ಲೇ. ಗಂಡಿನ ಕಡೆಯವರು ಕೆಂಗೇರಿ ಹತ್ತಿರದ ಹಳ್ಳಿಯವರು. ಧಾರೆ ಮುಗಿದು ಹೆಣ್ಣುಗಂಡು ಹಸೆಯ ಮೇಲೆ ಕೂತಾಗ ಬೀಗರ ಹಾಡು ಶುರುವಾಯಿತು. ಒಂದು ಕಡೆಯ ಹೆಂಗಸರು ಹಾಡಿನಲ್ಲೇ ಹಂಗಿಸಬೇಕು, ಇನ್ನೊಂದು ಕಡೆಯವರು ಅದೇ ಧಾಟಿಯಲ್ಲಿ ತಿರುಗಿಸಬೇಕು. ಸುಮ್ಮನಿದ್ದವರು ಸೋತಂತೆ. ಗಂಡಿನ ದೊಡ್ಡಮ್ಮ, ಕಂಚಿನ ಕಂಠದವರು, ಎತ್ತಿಕೊಂಡರು:

“ಬೀಗರ ಹೆಣ್ಣಿಗೆ ದೀಪವ ಹಿಡಿರಮ್ಮ
ಕತ್ತಲಲ್ಲಿ ಕತ್ತಲು ಕಳೆದ್ಹೋದೀತು.”

ನಾದಿನಿ ಕಪ್ಪು. ಅದಕ್ಕೇ ಎರಡು ಸಂಬಂಧ ತಪ್ಪಿದ್ದವು. ತಗ್ಗಿದ್ದ ತಲೆ ಇನ್ನೂ ತಗ್ಗಿತು, ಮಡಿಲಲ್ಲಿದ್ದ ಕೈ ಸೆರಗನ್ನು ಹಿಂಡತೊಡಗಿತು. ಈಗ ಯಾರೂ ತಿರುಗಿಸದಿದ್ದರೆ ಆ ಮಾತನ್ನು ಅವಳು ಗಂಡನ ಮನೆಗೆ ಹೊತ್ತುಕೊಂಡೇ ಹೋಗಬೇಕು.

ನಮ್ಮ ಕಡೆ ಹಾಡುವವರು ನಮ್ಮತ್ತೆ ಒಬ್ಬರೇ. ಮದುವೆ ಓಡಾಟದಲ್ಲಿ ಅವರ ಗಂಟಲು ಕಟ್ಟಿಹೋಗಿತ್ತು. ಬಾಯಿ ತೆರೆದರು, ಬರೀ ಗಾಳಿ ಬಂತು.

“ಏನ್ ಬೀಗಿತ್ತೀರೇ, ಧಾರೆ ಬೆಲ್ಲ ಬಾಯಿಗೆ ಅಂಟ್ಕೊಂಡ್ತಾ?” ಎಂದು ದೊಡ್ಡಮ್ಮ ಕೆಣಕಿದರು.

ಆ ಧಾಟಿ ನನಗೆ ಗೊತ್ತಿತ್ತು. ಅವ್ವನ ಜೊತೆ ರಾಗಿ ಬೀಸುವಾಗ ಹೇಳುತ್ತಿದ್ದುದೇ ಅದು. ನಾನು ಕಂಬದ ಹಿಂದಿದ್ದೆ. ಅಲ್ಲಿಂದಲೇ, ಯಾರ ಮುಖವನ್ನೂ ನೋಡದೆ ಹಾಡಿದೆ:

“ಕತ್ತಲ ಜರಿಬ್ಯಾಡಿ ಕೆಂಗೇರಿ ಬೀಗಿತ್ತಿ
ಕತ್ತಲಿಲ್ದೆ ನಿಮ್ಮ ಚಂದ್ರನ ಯಾರ್ ನೋಡ್ಯಾರು.”

ಮೊದಲು ನಕ್ಕವನು ಮದುಮಗ, ಬಾಸಿಂಗ ಅಲ್ಲಾಡುವಷ್ಟು. ಆಮೇಲೆ ಎರಡೂ ಕಡೆಯವರು. ತಮ್ಮ ಹುಡುಗನನ್ನು ಚಂದ್ರ ಅಂದ ಮೇಲೆ ದೊಡ್ಡಮ್ಮ ಜಗಳವಾದರೂ ಹೇಗೆ ಆಡಿಯಾರು? “ಯಾರೇ ಅದು, ಕಂಬ ಮಾತಾಡ್ತು” ಅಂದರು. ಅತ್ತೆ ಬಂದು ನನ್ನನ್ನು ಎಳೆದು ಮುಂದೆ ಕೂರಿಸಿದರು. ಊಟದ ಎಲೆ ಹಾಕುವವರೆಗೂ ನಾನೇ ಹಾಡಿದೆ. ಹಾಡಿದ್ದು ಅರ್ಧ ಮರೆತಿದ್ದೇನೆ.

ಸಂಜೆ ಹೆಣ್ಣನ್ನು ಬಾಡಿಗೆ ಬಸ್ಸಿಗೆ ಹತ್ತಿಸುವಾಗ ಎಲ್ಲರ ಕಣ್ಣೂ ಒದ್ದೆ. ದೊಡ್ಡಮ್ಮ ನನ್ನ ಗಲ್ಲ ಹಿಡಿದು ನಮ್ಮತ್ತೆಗೆ ಹೇಳಿದರು: “ಈ ಮಾತುಗಾತೀನ ನೀವೇ ಇಟ್ಕಳ್ಳಿ ಬೀಗಿತ್ತಿ. ನಮಗೆ ಸಿಕ್ಕಿರೋಳು, ಪಾಪ, ಬಾಯಿಲ್ಲದೋಳು.”

ಮೆಟ್ಟಿಲ ಮೇಲೆ ಕಾಲಿಟ್ಟಿದ್ದ ನಾದಿನಿ ಕಣ್ಣೊರೆಸಿಕೊಂಡು ತಲೆ ಎತ್ತಿದಳು. “ತಾಳಿ ದೊಡ್ಡತ್ತೆ,” ಅಂದಳು ಮೆಲ್ಲಗೆ, “ಇನ್ನೂ ನಿಮ್ಮ ಹೊಸ್ತಿಲೇ ತುಳಿದಿಲ್ಲ.”