ಸಿಡಿಲಗಲ್ಲಿನ ಚೀಟಿ

"ಸಿಡ್ಲು ಬಡಿದಲ್ಲೆ ನೆಲದಾಗ ಮೊಳದುದ್ದ ಇಳಿದಿತ್ತು. ಮೂರನೇ ದಿನ ಅಪ್ಪ ಅಗದು ತಗದ. ಆಗೂ ಬಿಸಿ ಇತ್ತು. ಹುಡುಗನ್ನ ಕೊಂದಿದ್ದು ಇದ ಕಲ್ಲು."

ನಮ್ಮ ಮನೆಯ ದೇವರ ಜಗಲಿಯ ಮೇಲಿದ್ದ ಅಂಗೈಯಗಲದ ಕರಿಯ ಕಲ್ಲಿನ ಬಗ್ಗೆ ನಮ್ಮ ಬಂಧುಬಳಗವೆಲ್ಲ ಹೇಳುತ್ತ ಬಂದ ಕಥೆ ಇಷ್ಟೇ. ಹುಡುಗನೆಂದರೆ ನನ್ನ ಅಣ್ಣ. ಅವನಿಗೆ ಆಗ ಹನ್ನೊಂದು ವರ್ಷ, ನನಗೆ ಆರು. ಕುಷ್ಟಗಿ ಕಡೆಯ ನಮ್ಮ ಹಳೆಯ ಊರಿನ ಹೊಲದಲ್ಲಿ ಎತ್ತು ಕಾಯುತ್ತಿದ್ದಾಗ ಸಿಡಿಲು ಬಡಿದು ಸತ್ತನೆಂದು ಎಲ್ಲರೂ ಹೇಳುತ್ತಿದ್ದರು. ಪ್ರತಿ ವರ್ಷ ಮೊದಲ ಮಳೆ ಬಿದ್ದ ದಿನ ಆ ಕಲ್ಲಿಗೆ ಹಾಲೆರೆಯುವುದು, ಗುಡುಗಿಗೆ ಬೆದರಿದ ಮಕ್ಕಳಿಗೆ ಅದನ್ನು ತೊಳೆದ ನೀರು ಕುಡಿಸುವುದು ನಮ್ಮ ಮನೆಯ ಪದ್ಧತಿ.

ಈ ಕಥೆಯನ್ನು ನಾನು ಓದು ಕಲಿತಂದಿನಿಂದ ಅಲ್ಲಗಳೆಯುತ್ತ ಬಂದಿದ್ದೇನೆ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ರಸ್ತೆ ಕೆಲಸದ ಗ್ಯಾಂಗಿನಲ್ಲಿ ಖಡಿ, ಅಂದರೆ ಜಲ್ಲಿಕಲ್ಲು, ಒಡೆಯಲು ಸೇರಿ, ಆ ಗ್ಯಾಂಗಿನ ಮೇಸ್ತ್ರಿ ಮುಕಾದಮನಾಗಿ ನಿವೃತ್ತನಾದೆ. ಸುತ್ತಿಗೆ ಬಿದ್ದ ಸದ್ದಿನಿಂದಲೇ ಕಲ್ಲಿನ ಜಾತಿ ಹೇಳಬಲ್ಲೆ. ಉಳಿದದ್ದನ್ನು ಕೊಪ್ಪಳದ ಗ್ರಂಥಾಲಯದಲ್ಲಿ ಕೂತು ಓದಿಕೊಂಡೆ. ಒಂದು ತುದಿ ಮೊನಚು, ಇನ್ನೊಂದು ತುದಿ ಅಲಗಿನಂತೆ ಚಪ್ಪಟೆ, ಮೈಯೆಲ್ಲ ನುಣುಪಾದ ಆ ಕಲ್ಲು ಮುಗಿಲಿನಿಂದ ಬಿದ್ದದ್ದಲ್ಲ; ಕಬ್ಬಿಣ ಕಾಣದ ಕಾಲದ ಜನ ಉಜ್ಜಿ ಉಜ್ಜಿ ಮಾಡಿಕೊಂಡ ಕೊಡಲಿ. ನಮ್ಮ ಸೀಮೆಯ ಎಷ್ಟೋ ಊರುಗಳಲ್ಲಿ ಬೇವಿನ ಮರದ ಬುಡದಲ್ಲಿ ಇಂಥವನ್ನು ಇಟ್ಟು ಕುಂಕುಮ ಹಚ್ಚುತ್ತಾರೆ. ಹಾಲೆರೆಯುವ ದಿನ ಇದನ್ನು ನಾನು ತಪ್ಪದೆ ಹೇಳುತ್ತಿದ್ದೆ. ಕೇಳಿ ಕೇಳಿ ಬೇಸತ್ತು ಮನೆಯವರು ಹಾಲಿನ ಗಿಂಡಿಯನ್ನು ನಾನು ಸ್ನಾನಕ್ಕೆ ಹೋದಾಗಲೇ ಹೊರತೆಗೆಯುವ ಹಾಗಾಯಿತು.

ನಾನು ಹೇಳಿದ್ದು ಸರಿಯೇ ಇತ್ತು. ಈಗಲೂ ಸರಿಯೇ. ಆದರೆ ಆ ಸರಿಯನ್ನು ಸಾಧಿಸಲು ಹೋಗಿ ನನಗೆ ಬಿದ್ದ ಪೆಟ್ಟಿನಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ. ಬರೆದರೆ ನಿಲುಕೀತೇನೋ ಎಂದು ಬರೆಯುತ್ತಿದ್ದೇನೆ.

ಎಲ್ಲ ಶುರುವಾದದ್ದು ಒಂದು ಪ್ರವಾಸದ ಯೋಜನೆಯಿಂದ. ನನ್ನ ಮಗಳ ಮಗಳು ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಾಳೆ. ಅವಳ ಕೋಣೆಯಲ್ಲಿ ಬಟ್ಟೆಗಿಂತ ಕಲ್ಲೇ ಹೆಚ್ಚು. ದಸರೆಯ ರಜೆಯಲ್ಲಿ ಮನೆಯವರೆಲ್ಲ ಸೇರಿ ಮೂರು ದಿನ ನಮ್ಮ ಜಿಲ್ಲೆಯನ್ನೇ ಸುತ್ತಬೇಕು, ದಾರಿಯಲ್ಲಿ ಕಲ್ಲು ಆರಿಸಬೇಕು ಎಂಬುದು ಅವಳ ಆಸೆ. ಕಲ್ಲಿಗಾಗಿ ಮೂರು ದಿನ ಗಾಡಿಯಲ್ಲಿ ಕೂರುವವರು ಯಾರು, ಗುಡಿ ಗುಂಡಾರವೂ ಇದ್ದರೆ ಮಾತ್ರ ಬರುತ್ತೇನೆ ಎಂದು ಅವಳ ತಾಯಿ, ಅಂದರೆ ನನ್ನ ಮಗಳು, ಷರತ್ತು ಹಾಕಿದಳು. ಗಾಡಿ ನಡೆಸಲು ಅಳಿಯ ಒಪ್ಪಿದ. ಬೇಸಾಯ ಬಿಟ್ಟು ಕಾರಟಗಿಗೆ ಬಂದು ನೆಲೆಸಿದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ನಾನು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎರಡು ಅಂಕಣ ಮಾಡಿದೆ: ನೋಡುವುದು, ಆರಿಸುವುದು.

ಮೊದಲ ದಿನ ಆನೆಗೊಂದಿ, ಅಂಜನಾದ್ರಿ. ಆರಿಸಲು ಹೊಳೆಯ ದಂಡೆಯ ಹರಳು. ಎರಡನೆಯ ದಿನ ಹಿರೇಬೆಣಕಲ್ಲಿನ ಗುಡ್ಡದ ಮೇಲಿನ ಕಲ್ಲಿನ ಮನೆಗಳು; ಅಲ್ಲಿ ಆರಿಸುವ ಅಂಕಣ ಖಾಲಿ. ರಕ್ಷಿತ ಸ್ಥಳದಿಂದ ಒಂದು ಚೂರನ್ನೂ ಎತ್ತುವ ಹಾಗಿಲ್ಲ ಎಂದು ಮೊಮ್ಮಗಳು ಖಡಾಖಂಡಿತವಾಗಿ ಹೇಳಿದಳು. ಇಷ್ಟು ದೊಡ್ಡ ಗುಡ್ಡದಲ್ಲಿ ಒಂದು ಕಲ್ಲು ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂದು ನಾನು ಕೆಣಕಿದೆ.

"ಅಜ್ಜಾ, ನೀವು ಗುಡ್ಡಗುಡ್ಡನ ಪುಡಿ ಮಾಡಿ ರಸ್ತಾಕ್ಕ ಹಾಕಿ ಪಿಂಚಣಿ ತಗೊಂಡ್ರಿ," ಎಂದಳು. "ನಾ ಒಂದು ಹರಳು ಎತ್ತಿದ್ರ ಜೇಲು. ಕಾಲ ಬದಲಾಗೈತ್ರಿ."

ಮೂರನೆಯ ದಿನ ಕುಕನೂರು, ಇಟಗಿಯ ಗುಡಿಗಳು. ಅಲ್ಲಿಂದ ಯಲಬುರ್ಗಾ ಮೂಲಕ ಕುಷ್ಟಗಿ ಕಡೆಗೆ ಹೋಗಿ, ಪರಿಚಯದ ಒಬ್ಬರ ಕಲ್ಲಿನ ಕ್ವಾರಿಯಲ್ಲಿ ಕೇಳಿ ಕೆಂಪು ಗ್ರಾನೈಟಿನ ಚೂರು ಆರಿಸುವುದು. ಅದರ ಕೆಳಗೆ ನಾನೇ ಇನ್ನೊಂದು ಸಾಲು ಸೇರಿಸಿದೆ: ನಮ್ಮ ಹಳೆಯ ಊರು, ಊರ ಹಿಂದಿನ ಗುಡ್ಡ.

ಅದಕ್ಕೊಂದು ಕಾರಣವಿತ್ತು. ಮೊಮ್ಮಗಳು ತನ್ನ ಪ್ರತಿಯೊಂದು ಕಲ್ಲಿಗೂ ಒಂದು ಚೀಟಿ ಬರೆಯುತ್ತಾಳೆ: ಏನು, ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು, ಎಂದು. ಚೀಟಿಯಿಲ್ಲದ ಕಲ್ಲು ಎಷ್ಟು ಚೆಂದವಿದ್ದರೂ ಬರಿ ಕಲ್ಲು, ಅದರಿಂದ ಏನೂ ತಿಳಿಯುವುದಿಲ್ಲ ಎನ್ನುತ್ತಾಳೆ. ಈ ಮಾತು ನನಗೆ ಬಹಳ ಹಿಡಿಸಿತು. ನಾನು ಜೀವಮಾನವಿಡೀ ಹೇಳುತ್ತ ಬಂದದ್ದೂ ಇದನ್ನೇ ಅಲ್ಲವೇ? ಜಗಲಿಯ ಮೇಲಿನ ಕಲ್ಲಿಗೂ ಅವಳಿಂದ ಒಂದು ಚೀಟಿ ಬರೆಸಿಬಿಟ್ಟರೆ, ಹಳೆಯ ಊರಿನ ಗುಡ್ಡದಲ್ಲಿ ಅಂಥದೇ ಇನ್ನೊಂದು ತುಂಡು ಕಣ್ಣಿಗೆ ಬಿದ್ದರೆ, ಸಿಡಿಲಿನ ಕಥೆಗೆ ಅದೇ ಕೊನೆಯ ಮೊಳೆ ಎಂದುಕೊಂಡೆ.

ಅಡ್ಡ ಬಂದವಳು ನನ್ನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮೊಂದಿಗೇ ಇದ್ದಾಳೆ. ಎಂಬತ್ತು ದಾಟಿದೆ, ಬಲಗಿವಿ ಕೇಳಿಸದು, ನೆನಪು ಮಾತ್ರ ಗಟ್ಟಿ. ಆನೆಗೊಂದಿ ಎಂದಾಗ ತಾನೂ ಬರುವೆನೆಂದಳು. ಮೂರು ದಿನಕ್ಕೆ ಎಷ್ಟು ಸಜ್ಜಿರೊಟ್ಟಿ, ಯಾವ ಚಟ್ನಿಪುಡಿ ಎಂದು ಮಗಳೊಂದಿಗೆ ಮಾತಾಡಿದಳು. ನೋಟ್‌ಬುಕ್ಕಿನ ಕೊನೆಯ ಸಾಲನ್ನು ಓದಿ ಹೇಳಿದ ಕೂಡಲೇ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ಆ ಗುಡ್ಡಕ್ಕೆ ಕೂಸನ್ನು ಕರೆದೊಯ್ಯಬೇಡ ಎಂದಳು. ಹಿಂಗಾರಿ ಗುಡುಗುವ ಕಾಲ, ಕಲ್ಲು ಎತ್ತುವುದಿದ್ದರೆ ಬೇರೆಲ್ಲಾದರೂ ಎತ್ತಲಿ.

ನಾನು ಬಿಡುವ ಆಸಾಮಿಯಲ್ಲ. ಎರಡು ದಿನ ವಾದಿಸಿದೆ. ಕಲ್ಲು ಸಿಡಿಲನ್ನು ಎಳೆಯುವುದಿಲ್ಲ ಎಂದೆ. ಮಿಂಚು ಎಂದರೇನು ಎಂದು ಪುಸ್ತಕ ತೆರೆದು ಚಿತ್ರ ತೋರಿಸಿದೆ. ಅಣ್ಣ ಸತ್ತದ್ದು ಗುಡ್ಡದಲ್ಲಲ್ಲ, ಹೊಲದಲ್ಲಿ. ಹಾಗೆ ನೋಡಿದರೆ ಹೊಲಕ್ಕೆ ಹೋಗಬಾರದು, ಗುಡ್ಡಕ್ಕೇಕೆ ಹೋಗಬಾರದು ಎಂದು ಕೇಳಿದೆ. ಆ ಪ್ರಶ್ನೆಗೆ ಅವಳು ಮುಖ ತಿರುಗಿಸಿದಳು. ವಾದದಲ್ಲಿ ಗೆದ್ದೆನೆಂದುಕೊಂಡೆ. ಒಮ್ಮೆ ಮಾತ್ರ ಅವಳು ಅಂದದ್ದುಂಟು: "ನಿನ್ನ ಪುಸ್ತಕದಾಗ ಜಗತ್ತಿಂದೆಲ್ಲಾ ಐತಿ ತಮ್ಮಾ. ಈ ಮನ್ಯಾಗಿಂದು ಮಾತ್ರ ಇಲ್ಲ."

ವಾದದ ಮೂರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ನಾನು ಜಗಲಿಯಿಂದ ಕಲ್ಲನ್ನು ತಂದು, ಕುಂಕುಮ ಒರೆಸಿ, ಮೊಮ್ಮಗಳ ಮುಂದಿಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಅಲಗಿನ ಅಂಚನ್ನು ಬೆರಳಿನಿಂದ ಸವರಿ, ಅಜ್ಜ ಹೇಳಿದ್ದು ನಿಜ, ಇದು ಮನುಷ್ಯರ ಕೈಕೆಲಸ ಎಂದಳು. ಚೀಟಿಯ ಮೇಲೆ ಹಾಗೆಯೇ ಬರೆದಳು. ಆಮೇಲೆ ಪೆನ್ನು ನಿಲ್ಲಿಸಿ, ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು ಎಂದು ಕೇಳಿದಳು. ಹೊಲದಲ್ಲಿ, ನನ್ನ ಅಪ್ಪನಿಗೆ ಎಂದೆ. ಅಗೆದ ಮಾತು ಬಿಡು, ಉಳುವಾಗ ಸಿಕ್ಕಿರಬೇಕು.

"ಸುಳ್ಳು ಬರೀಬ್ಯಾಡವ್ವಾ," ಎಂದಳು ಅಕ್ಕ.

ಅವಳು ಒಳಕೋಣೆಯ ಹೊಸ್ತಿಲ ಮೇಲೆ ನಿಂತಿದ್ದಳು. ಮೊಮ್ಮಗಳಿಗೆ ಹೇಳಿದರೂ ನೋಡುತ್ತಿದ್ದದ್ದು ನನ್ನನ್ನು.

"ಅದು ಮುಗಲಿಂದ ಬಿದ್ದಿಲ್ಲ ಅಂತ ನಿನಗಿಂತ ಮೊದಲ ನನಗ ಗೊತ್ತೈತಿ ತಮ್ಮಾ. ಅದು ಸಿಕ್ಕಿದ್ದು ನಿಮ್ಮಣ್ಣಗ. ಗುಡ್ಡದಾಗ. ಮುಂಜಾನಿ ಆಡು ಕಾಯಾಕ ನಿನ್ನನ್ನೂ ಕರ್ಕೊಂಡು ಹೋಗಿದ್ದ. ನಿನಗ ಆಡಾಕ ಕೊಟ್ಟ, ನೀ ಬಂಡೆಗಲ್ಲ ಮ್ಯಾಲೆ ಇಟ್ಟು ಮರತು ಬಂದಿ. ಮನಿಗೆ ಬಂದು ಅದ ಬೇಕು ಅಂತ ಅತ್ತಿ. ಊಟಾ ಮಾಡಲಿಲ್ಲ. ಅಳಬ್ಯಾಡ, ಈಗ ತರ್ತೀನಿ ಅಂದು ಹೋದ. ಮ್ವಾಡ ಆಗಿತ್ತು, ನಾನ ನೋಡಿದ್ದೆ."

ನನಗೆ ಆಗ ಹೊಳೆದ ಮೊದಲ ವಿಚಾರವನ್ನು ಇಲ್ಲಿ ಮುಚ್ಚಿಡುವುದು ಅಪ್ರಾಮಾಣಿಕವಾದೀತು. ಹಾಗಾದರೆ ಕಲ್ಲು ಸಿಡಿಲಿನಿಂದ ಬಂದದ್ದಲ್ಲ, ನಾನು ಹೇಳಿದ್ದೇ ನಿಜ: ಹೊಳೆದದ್ದು ಇದು. ಅವಳು ಹೇಳಿದ ಉಳಿದ ಮಾತು ನನ್ನನ್ನು ಮುಟ್ಟಲು ಮತ್ತೂ ಕೆಲವು ಕ್ಷಣ ಬೇಕಾಯಿತು. ಮುಟ್ಟಿದಾಗ ಕೂತಲ್ಲೇ ನೆಲಕ್ಕೆ ಕೈಯೂರಿದೆ. ಮಗಳು ನೀರು ತಂದಳು. ಯಾರಿಗೆ ತಂದಳೆಂದು ನನಗೆ ತಿಳಿಯಲಿಲ್ಲ.

ನೆನಪಿಗೆ ತಂದುಕೊಳ್ಳಲು ನೋಡಿದೆ. ಗುಡ್ಡವಿಲ್ಲ, ಆಡಿಲ್ಲ, ಅತ್ತದ್ದಿಲ್ಲ. ಅಣ್ಣನ ಮುಖವೇ ಇಲ್ಲ. ಒಂದೇ ಒಂದು ಚಿತ್ರ ಮೊದಲಿನಿಂದಲೂ ನನ್ನಲ್ಲಿ ಉಳಿದಿತ್ತು: ಹಳೆಯ ಮನೆಯ ಬಾಗಿಲಲ್ಲಿ ಕೂತು ಸುರಿಯುವ ಮಳೆಯನ್ನು ನೋಡುತ್ತಿದ್ದೇನೆ. ಬಾಲ್ಯದ ಸುಖದ ನೆನಪೆಂದು ಅದನ್ನು ಎಷ್ಟೋ ಜನಕ್ಕೆ ಹೇಳಿಕೊಂಡಿದ್ದೆ. ನಾನು ನೋಡುತ್ತಿದ್ದದ್ದು ಮಳೆಯನ್ನಲ್ಲ, ದಾರಿಯನ್ನು.

ಆದರೂ ನನ್ನ ಸ್ವಭಾವ ನನ್ನನ್ನು ಬಿಡಲಿಲ್ಲ. ಸ್ವಲ್ಪ ಹೊತ್ತಿನ ನಂತರ ಒಡಹುಟ್ಟಿದ ಅಕ್ಕನನ್ನೇ, ಇದಕ್ಕೆ ಆಧಾರವೇನು ಎಂದು ಕೇಳಿದೆ. ಮಗಳು ನನ್ನ ಮೇಲೆ ಸಿಟ್ಟಾದಳು. ಅಕ್ಕ ಸಿಟ್ಟಾಗಲಿಲ್ಲ. ಅಪ್ಪನ ತಗಡಿನ ಟ್ರಂಕಿನಲ್ಲಿ ಕಾಗದವಿದೆ, ಯಾರಿಂದಲಾದರೂ ಓದಿಸು ಎಂದಳು.

ಆ ಟ್ರಂಕು ನನ್ನ ಮಂಚದ ಕೆಳಗೇ ಇತ್ತು. ಅದರಲ್ಲಿ ಒಂದು ಉರ್ದು ಕಾಗದಗಳ ಕಟ್ಟು. ನಿಜಾಮನ ಆಡಳಿತ ಹೋದ ಮೇಲೂ ಕೆಲವು ವರ್ಷ ನಮ್ಮ ಕಡೆಯ ದಫ್ತರು ಉರ್ದುವಿನಲ್ಲೇ ನಡೆಯುತ್ತಿತ್ತು. ಅಂಥ ಕಟ್ಟುಗಳು ಈ ಸೀಮೆಯ ಮನೆಮನೆಯಲ್ಲೂ ಇವೆ. ಹೊಲದ ಕಾಗದವಿರಬೇಕೆಂದು ಯಾರೂ ಓದಿಸದೆ, ಯಾರೂ ಎಸೆಯದೆ ಕಾಪಾಡುತ್ತಾರೆ. ಊರವರ ಮಾತಿಗೆಲ್ಲ ಪುರಾವೆ ಕೇಳುತ್ತಿದ್ದ ನಾನೂ ಅದನ್ನೇ ಮಾಡಿದ್ದೆ. ಹೊಲ ಮಾರಿದ ಮೇಲೂ ಬಿಚ್ಚಿರಲಿಲ್ಲ.

ಮರುದಿನ ಕಟ್ಟನ್ನು ಗಂಗಾವತಿಗೆ ಒಯ್ದು, ನಿವೃತ್ತರಾದ ಒಬ್ಬ ಉರ್ದು ಮಾಸ್ತರರ ಮುಂದೆ ಬಿಚ್ಚಿದೆ. ನಾಲ್ಕು ಹೊಲದ ಕಾಗದ. ಐದನೆಯದು ಪಂಚನಾಮೆಯ ನಕಲು. ಅವರು ಕನ್ನಡದಲ್ಲಿ ಅರ್ಥ ಹೇಳುತ್ತ ಹೋದರು: ಸುಮಾರು ಹನ್ನೊಂದು ವರ್ಷದ ಹುಡುಗ, ಸಿಡಿಲು ಬಡಿದು ಸತ್ತದ್ದು, ಶವ ಇದ್ದದ್ದು ಊರ ಹಿಂದಿನ ಗುಡ್ಡದ ಇಳಿಜಾರಿನಲ್ಲಿ, ಬಲಗೈ ಮುಷ್ಟಿ ಬಿಗಿದಿತ್ತು, ಬಿಡಿಸಿದಾಗ ಒಂದು ನುಣ್ಣನೆಯ ಕರಿ ಕಲ್ಲು ಸಿಕ್ಕಿ, ಅದನ್ನು ತಂದೆಯ ವಶಕ್ಕೆ ಕೊಡಲಾಯಿತು. ಸತ್ತವನ ಅಕ್ಕ, ಸುಮಾರು ಹದಿಮೂರು ವರ್ಷದವಳು, ಪಂಚರ ಮುಂದೆ ಹೇಳಿದ್ದು: ಚಿಕ್ಕ ತಮ್ಮ ಅಳುತ್ತಿದ್ದನೆಂದು ಅವನ ಆಟದ ಕಲ್ಲು ತರಲು ಹೋಗಿದ್ದ.

"ಪಾಪ, ಆ ಸಣ್ಣ ತಮ್ಮ ಈಗ ಇದ್ದಾನೋ ಇಲ್ಲೋ," ಎಂದರು ಮಾಸ್ತರರು ಕನ್ನಡಕ ತೆಗೆಯುತ್ತ.

ಅದಾನ್ರಿ ಎಂದೆ. ಇನ್ನೊಮ್ಮೆ ಓದಿರಿ ಎಂದು ಕೇಳಿಕೊಂಡೆ.

ಸಿಡಿಲಗಲ್ಲಿನ ಕಥೆ ಕಟ್ಟಿದವಳು ಅವ್ವ. ಸಂಜೆ ಅಕ್ಕನೇ ಹೇಳಿದಳು. ಪಂಚರು ಹೋದ ಮೇಲೆ ಅವ್ವ ಅವಳ ಬಾಯಿಯ ಮೇಲೆ ಕೈಯಿಟ್ಟು, ಹೋದವನು ಹೋದ, ಇರುವವನ ತಲೆಯ ಮೇಲೆ ಇದು ಬರಬಾರದು ಎಂದಳಂತೆ. ಹೊಲ, ಎತ್ತು, ನೆಲದೊಳಗಿನ ಬಿಸಿ ಕಲ್ಲು, ಎಲ್ಲವೂ ನನಗಾಗಿ. ಗುಡುಗಿದಾಗ ಕಲ್ಲು ತೊಳೆದ ನೀರು ಮೊದಲು ಕುಡಿಸಿದ್ದೂ ನನಗೇ. ಊರಿಗೆ ಊರೇ ನಿಜ ತಿಳಿದು ಕಥೆ ಹೇಳಿತು. ನಾನೊಬ್ಬನೇ ಅದನ್ನು ಮೌಢ್ಯವೆಂದು ನಗುತ್ತ ಬೆಳೆದೆ. ನಾನು ನಗುವಾಗಲೆಲ್ಲ ಅಕ್ಕ ಎದುರಿಗಿದ್ದಳು.

ನೋಟ್‌ಬುಕ್ಕಿನ ಕೊನೆಯ ಸಾಲನ್ನು ಹೊಡೆದು ಹಾಕಲು ಹೋದೆ. ಅಕ್ಕ ತಡೆದಳು. ದಸರೆಗೆ ಬೇಡ, ಮುಗಿಲು ತಿಳಿಯಾಗಲಿ, ಚಳಿಗಾಲದ ರಜೆಗೆ ಎಲ್ಲರೂ ಹೋಗೋಣ, ಆ ಇಳಿಜಾರು ಯಾವುದೆಂದು ತಾನೇ ತೋರಿಸುತ್ತೇನೆ ಎಂದಳು. ಆ ಸಾಲಿನ ಎದುರು, ಆರಿಸುವುದು ಎಂಬ ಅಂಕಣದಲ್ಲಿ ಮೊಮ್ಮಗಳು ತಾನಾಗಿಯೇ ಏನೂ ಇಲ್ಲ ಎಂದು ಬರೆದಳು.

ಚೀಟಿ ಈಗ ಪೂರ್ತಿಯಾಗಿದೆ. ಏನು: ಉಜ್ಜಿದ ಕಲ್ಲಿನ ಕೊಡಲಿ. ಎಲ್ಲಿ: ಊರ ಹಿಂದಿನ ಗುಡ್ಡ. ಯಾರಿಗೆ ಸಿಕ್ಕಿತು: ಅಣ್ಣನಿಗೆ. ಅದರ ಕೆಳಗೆ ಅವಳ ಚೀಟಿಗಳಲ್ಲಿಲ್ಲದ ಒಂದು ಸಾಲನ್ನು ನಾನೇ ಎಳೆದೆ, ತರಲು ಕಳಿಸಿದವರು ಯಾರು ಎಂದು; ಅದನ್ನು ತುಂಬಿದ್ದೂ ನಾನೇ.

ನಂಬದವರು ಬಂದು ನೋಡಬಹುದು. ಕಲ್ಲು ಜಗಲಿಯ ಮೇಲಿದೆ, ಪಂಚನಾಮೆ ಅದರ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿದೆ, ಉರ್ದು ಬಲ್ಲ ಯಾರಿಂದಲಾದರೂ ಓದಿಸಿ. ಅದರಲ್ಲಿ ಹೇಳಿಕೆ ಕೊಟ್ಟ ಹದಿಮೂರರ ಹುಡುಗಿ ಊಟದ ನಂತರ ಕಟ್ಟೆಯ ಮೇಲೆ ಕೂತಿರುತ್ತಾಳೆ. ಅವಳ ಎಡಗಡೆ ಕೂತು ಕೇಳಬೇಕು.