ಒಂದು ಹನಿ ನೀಲಿ

ಆ ಬೀದಿಯಲ್ಲಿ ಅಣ್ಣನಿಗೆ ‘ಇನ್ನೊಂದ್ಹನಿ’ ಎಂದೇ ಹೆಸರು. ಇಟ್ಟವರು ಯಾರೋ ಗೊತ್ತಿಲ್ಲ, ಇಟ್ಟ ಮೇಲೆ ಮಾತ್ರ ಅಪ್ಪ ಅಮ್ಮ ಕರೆದ ಹೆಸರು ಮೂಲೆಗೆ ಬಿತ್ತು. ಕಾರಿಗೆ ಗೀರು ಬಿದ್ದವರು ಅಣ್ಣ ತಮ್ಮಂದಿರ ಶೆಡ್ಡಿಗೆ ಬರುತ್ತಿದ್ದರು. ಅಣ್ಣ ಡಬ್ಬಿಯಲ್ಲಿ ಬಣ್ಣ ಕಲಸಿ, ತಗಡಿನ ಚೂರಿಗೆ ಒಂದು ಬೊಟ್ಟು ಹಚ್ಚಿ, ಕಾರಿನ ಪಕ್ಕ ಹಿಡಿದು, ಹೆಣ್ಣು ನೋಡಲು ಬಂದವನ ಹಾಗೆ ತಲೆ ವಾಲಿಸಿ ನೋಡುತ್ತಿದ್ದ. ಆಮೇಲೆ “ಇನ್ನೊಂದ್ ಹನಿ” ಎನ್ನುತ್ತಿದ್ದ. ಕಾರಿನವರು ಗಡಿಯಾರ ನೋಡಿಕೊಳ್ಳಲಿ, ಗೊಣಗಲಿ, ಅವನ ಕಿವಿಗೆ ಬೀಳುತ್ತಿರಲಿಲ್ಲ. ಆ ಕೊನೆಯ ಹನಿ ಬಿದ್ದ ಮೇಲೆ ಗೀರು ಎಲ್ಲಿತ್ತೆಂದು ಕಾರಿನ ಒಡೆಯನೇ ಹುಡುಕಬೇಕಾಗುತ್ತಿತ್ತು.

ತಮ್ಮನ ಕೆಲಸ ಉಗುರಿನದು. ಗೀರಿನ ಮೇಲೆ ಹೆಬ್ಬೆರಳಿನ ಉಗುರನ್ನು ಅಡ್ಡ ಎಳೆಯುತ್ತಿದ್ದ. ಉಗುರು ಜಾರಿದರೆ ಗೀರು ಮೇಲಿನ ಹೊಳಪಿನ ಪದರದ್ದು, ಪಾಲಿಶ್ ಹಾಕಿದರೆ ಮುಗಿಯಿತು. ಉಗುರು ತಡೆದರೆ ಬಣ್ಣದವರೆಗೂ ಇಳಿದಿದೆ ಎಂದರ್ಥ. ಆಗ ನೀರಿನಲ್ಲಿ ನೆನೆಸಿದ ವಾಟರ್ ಪೇಪರೆಂಬ ಉಜ್ಜುಕಾಗದದಿಂದ ಸುತ್ತ ನುಣ್ಣಗೆ ಉಜ್ಜಿ, “ಅಣ್ಣ, ನಿಂದು” ಎಂದು ಕೂಗುತ್ತಿದ್ದ. ಉಜ್ಜುವುದನ್ನು ಕಲಿಸಿದವನೂ ಅಣ್ಣನೇ. “ಗೀರನ್ನ ಉಜ್ಜಬೇಡ್ವೋ, ಗೀರಿನ ಸುತ್ತ ಇರೋ ಸಿಟ್ಟನ್ನ ಉಜ್ಜು” ಎನ್ನುತ್ತಿದ್ದ. ಅದರ ಅರ್ಥ ತಮ್ಮನಿಗೆ ಇಪ್ಪತ್ತೆರಡು ವರ್ಷ ಉಜ್ಜಿದ ಮೇಲೂ ಆಗಿರಲಿಲ್ಲ, ಆದರೆ ಕೈಗೆ ಆಗಿತ್ತು.

ಶೆಡ್ಡಿನ ಗೋಡೆಗೆ ಬಾಗಿಲಗಲದ ಒಂದು ತಗಡನ್ನು ಮೊಳೆ ಹೊಡೆದು ಕೂರಿಸಿದ್ದರು. ಕಾರು ಹೊರಡುವ ಮೊದಲು ಡಬ್ಬಿಯ ತಳದಲ್ಲಿ ಉಳಿದ ಬಣ್ಣದಿಂದ ಅಣ್ಣ ಅದರ ಮೇಲೆ ಒಂದು ಬೊಟ್ಟು ಇಡುತ್ತಿದ್ದ. ಕೆಂಪಿಗೊಂದು ಸಾಲು, ಬೂದಿಗೊಂದು, ಬಿಳಿಗೆ ಮೂರು ನಾಲ್ಕು. ಯಾಕೆ ಎಂದು ಕೇಳಿದರೆ “ಇರಲಿ ಬಿಡು” ಎನ್ನುತ್ತಿದ್ದ. ಅವನು ಬರೆದಿಟ್ಟ ದಿನಚರಿ ಎಂದರೆ ಅದೊಂದೇ. ತಗಡಿನ ಮೊಳೆಗೆ ತಮ್ಮ ದಿನಾ ಬೆಳಿಗ್ಗೆ ಬಂದು ಅಂಗಿ ನೇತುಹಾಕುತ್ತಿದ್ದ.

ಬಿಳಿ ಎಂದರೆ ಸುಲಭ ಎಂದುಕೊಳ್ಳುವವರು ಬಣ್ಣದ ಡಬ್ಬಿ ಮುಟ್ಟಿದವರಲ್ಲ. ಕಾರಿನ ಬಿಳಿಯಲ್ಲಿ ಚೂರು ಕಪ್ಪಿರುತ್ತದೆ, ಚೂರು ಹಳದಿ, ಒಂದೋ ಎರಡೋ ಹನಿ ನೀಲಿ. ಅದು ಹೆಚ್ಚು ಕಡಿಮೆಯಾದರೆ ಬಿಸಿಲಿಗೆ ಬಂದೊಡನೆ ತೇಪೆ ಎದ್ದು ಕಾಣುತ್ತದೆ. ಅಣ್ಣ ಬಿಳಿಯಲ್ಲಿ ಎತ್ತಿದ ಕೈ. ಅಂಥವನ ಬಿಳಿಗಳು ಯಾವಾಗಲೋ ಕೆಡತೊಡಗಿದವು. ಮೊದಮೊದಲು ಒಬ್ಬರು ಮೂಗು ಮುರಿದರು, ತಮ್ಮ ಪಾಲಿಶ್ ಹಾಕಿ ಸಮಾಧಾನ ಮಾಡಿ ಕಳಿಸಿದ. ಮತ್ತೊಬ್ಬರು ವಾಪಸ್ಸು ತಂದರು. ಅಣ್ಣನಿಗೆ ವಯಸ್ಸಾಯಿತು, ಮೈಗಳ್ಳತನ ಶುರುವಾಯಿತು ಎಂದು ತಮ್ಮ ಒಳಗೊಳಗೇ ಹಲ್ಲು ಕಡಿದ. ಅದೇ ದಿನಗಳಲ್ಲಿ ಅಣ್ಣ ಮನೆಯಲ್ಲಿ ಅತ್ತಿಗೆಯ ಜೊತೆ ಹೊದಿಕೆಯ ವಿಷಯಕ್ಕೆ ಜಗಳ ತೆಗೆಯುತ್ತಿದ್ದ.

“ಏನ್ ಒಗೀತೀಯೇ, ಬಿಳೀ ಹೊದಿಕೆ ಹಳದಿ ಹೊಡೀತಿದೆ!”

“ಹಾಲಿನ ಹಾಗಿದೆ. ಬೇಕಾದ್ರೆ ನಾಳೆಯಿಂದ ನೀವೇ ಒಗೀರಿ.”

ತಮ್ಮ ಇದನ್ನು ಶೆಡ್ಡಿಗೆ ಬಂದವರಿಗೆಲ್ಲ ಹೇಳಿ ನಗಿಸಿದ. ಅಣ್ಣನೂ ನಕ್ಕ.

ಒಂದು ಬೆಳಿಗ್ಗೆ ಹತ್ತಿರದ ಶಾಲೆಯ ಟೀಚರಮ್ಮ ಬಂದರು. ಹೊಸ ಬಿಳಿ ಕಾರು, ಗೇಟಿಗೆ ತಾಗಿ ಹಿಂದಿನ ಬಾಗಿಲಿಗೆ ಬೆರಳುದ್ದದ ಮೂರು ಗೀರು. ಉಗುರು ತಡೆಯಿತು. ತಮ್ಮ ಉಜ್ಜಿಕೊಟ್ಟ. ಅಣ್ಣ ಎಂದಿಗಿಂತ ಹೆಚ್ಚು ಹೊತ್ತು ಕೂತ. ಇನ್ನೊಂದ್ ಹನಿ, ಇನ್ನೊಂದ್ ಹನಿ. ಸಂಜೆ ಕಾರನ್ನು ಹೊರಗೆ ತೆಗೆದರೆ ಗೀರು ಹೋಗಿತ್ತು, ಅದರ ಜಾಗದಲ್ಲಿ ಅಂಗೈಯಗಲ ನೀಲಿ ಛಾಯೆ ಕೂತಿತ್ತು.

“ಸ್ವಲ್ಪ ಬೇರೆ ಥರ ಕಾಣ್ತಿದೆ ಅಲ್ವಾ?” ಎಂದರು ಟೀಚರಮ್ಮ, ಮೆತ್ತಗೆ.

ಅಣ್ಣ ಬಾಗಿ ನೋಡಿದ. ಕೈಯಿಂದ ಸವರಿದ. “ಸರಿಯಾಗೇ ಇದೆಯಲ್ಲಮ್ಮಾ” ಎಂದ.

ತಮ್ಮನಿಗೆ ಸಿಟ್ಟು ನೆತ್ತಿಗೇರಿತು. “ಸರಿಯಾಗಿದೆಯಂತೆ! ಮನಸ್ಸಿಲ್ದಿದ್ರೆ ಮನೇಲಿರು ಅಣ್ಣ. ಇಷ್ಟು ದಿನ ನಿನ್ನ ಹೊಲಸನ್ನೆಲ್ಲ ನಾನೇ ಮುಚ್ಚಿಟ್ಟಿದ್ದು ಸಾಕು. ಇನ್ಮೇಲೆ ಬಣ್ಣಕ್ಕೆ ಕೈ ಹಾಕ್ಬೇಡ” ಎಂದು ಅವನ ಕೈಯಿಂದ ಕಲಸುವ ಕಡ್ಡಿಯನ್ನು ಕಿತ್ತುಕೊಂಡ. ಪರರ ಮುಂದೆ, ತನಗೆ ಕೆಲಸ ಕಲಿಸಿದವನ ಕೈಯಿಂದ. ಟೀಚರಮ್ಮ ಮುಖ ಆ ಕಡೆ ತಿರುಗಿಸಿದರು. ಅಣ್ಣ ಕೈಗಂಟಿದ ಬಣ್ಣವನ್ನು ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ.

ಮರುವಾರವೇ ತಮ್ಮ ಒಂದು ಯಂತ್ರ ತಂದ. ಕಾರಿನ ಮೈಗೆ ಒತ್ತಿ ಹಿಡಿದರೆ ಬಣ್ಣದ ಅಳತೆಯನ್ನು ಪರದೆಯ ಮೇಲೆ ತೋರಿಸುತ್ತಿತ್ತು. ಬಣ್ಣದ ಅಂಗಡಿಯವರು ಆ ಅಳತೆಗೆ ಬೆರೆಸಿ ಕೊಡುತ್ತಿದ್ದರು. ಅಣ್ಣ ನೀರಿನ ಬಕೆಟ್ಟಿನ ಪಕ್ಕ, ತಮ್ಮ ಕೂರುತ್ತಿದ್ದ ಮಣೆಯ ಮೇಲೆ ಕೂತು ಗೀರು ಉಜ್ಜತೊಡಗಿದ. ಚೆನ್ನಾಗಿಯೇ ಉಜ್ಜುತ್ತಿದ್ದ, ಬೆರಳಿಗೆ ಕಣ್ಣು ಬೇಕಿರಲಿಲ್ಲ. ಒಂಬತ್ತು ತಿಂಗಳು ಆ ಶೆಡ್ಡಿನಲ್ಲಿ ಯಾರೂ ‘ಇನ್ನೊಂದ್ ಹನಿ’ ಎನ್ನಲಿಲ್ಲ. ಬೀದಿಯವರು ಮಾತ್ರ ಹಾಗೇ ಕರೆಯುತ್ತಿದ್ದರು, ಅಣ್ಣ ಓಗೊಡುತ್ತಿದ್ದ.

ಆಮೇಲೊಂದು ದಿನ ಅಣ್ಣ ಹಗಲು ಹೊತ್ತಿನಲ್ಲೇ ಮನೆಯ ಮೆಟ್ಟಿಲು ತಪ್ಪಿ ಬಿದ್ದ. ಅತ್ತಿಗೆ ಹಟ ಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎರಡೂ ಕಣ್ಣಿಗೆ ಪೊರೆ. ಅತ್ತಿಗೆ ಬಂದು ತಮ್ಮನಿಗೆ ಹೇಳಿದರು: “ಮೂರು ವರ್ಷದಿಂದ ಬಲೀತಾ ಬಂದಿದೆಯಂತೆ. ಹಳದಿ ಗಾಜಿನೊಳಗಿಂದ ನೋಡಿದ ಹಾಗಂತೆ. ನೀಲಿ ಅನ್ನೋದೇ ಸರಿಯಾಗಿ ಕಾಣ್ತಿರ್ಲಿಲ್ವಂತೆ. ನಾನೋ, ಸೋಪು ಬದಲಾಯಿಸ್ತಾನೇ ಇದ್ದೆ.”

ತಮ್ಮನಿಗೆ ಟೀಚರಮ್ಮನ ಕಾರು ನೆನಪಾಯಿತು. ನೀಲಿಯ ಹನಿ ಬಿದ್ದದ್ದೇ ಕಾಣದವನು ಇನ್ನೊಂದು ಹನಿ ಹಾಕದೆ ಇನ್ನೇನು ಮಾಡುತ್ತಾನೆ?

ಆ ಮಧ್ಯಾಹ್ನ ಶೆಡ್ಡಿಗೆ ಹೋದವನು ಗೋಡೆಯ ತಗಡಿನ ಮುಂದೆ ನಿಂತ. ಮೊಳೆಯಿಂದ ಅಂಗಿ ತೆಗೆದ. ಬಿಳಿಯ ಸಾಲುಗಳು ಎಡದಿಂದ ಬಲಕ್ಕೆ ಹೋಗಿದ್ದವು. ಮೇಲಿನವೆಲ್ಲ ಒಂದಕ್ಕಿಂತ ಒಂದು ಸರಿ. ಕೊನೆಯ ಸಾಲಿನ ನಡುವಿನಿಂದ ಬೊಟ್ಟುಗಳು ಒಂದೊಂದಾಗಿ ನೀಲಿಯ ಕಡೆ ವಾಲಿದ್ದವು. ಮನಸ್ಸಿಲ್ಲದೆ ಕೆಲಸ ಮಾಡುವವನು ಒಮ್ಮೆ ಹಳದಿಗೆ ತಪ್ಪುತ್ತಾನೆ, ಒಮ್ಮೆ ಕಪ್ಪಿಗೆ. ಇಲ್ಲಿ ಹಾಗಿರಲಿಲ್ಲ. ಕೊನೆಯ ಬೊಟ್ಟಿನವರೆಗೂ ತಪ್ಪು ಒಂದೇ ದಿಕ್ಕಿಗಿತ್ತು. ಇಡೀ ಬೀದಿಯಲ್ಲಿ ಇದನ್ನು ಓದಬಲ್ಲವನು ತಾನೊಬ್ಬನೇ. ಓದುವುದಿರಲಿ, ಅದರ ಮೇಲೆ ಬೆವರಿನ ಅಂಗಿ ತೂಗುಹಾಕಿಕೊಂಡು ಕೂತಿದ್ದ.

ಒಂದಾದ ಮೇಲೊಂದರಂತೆ ಅಣ್ಣನ ಎರಡು ಕಣ್ಣಿಗೂ ಆಪರೇಷನ್ ಆಯಿತು. ಕಣ್ಣು ಬಿಟ್ಟವನು ಮೊದಲು ಹಾಸಿಗೆಯ ಮೇಲಿನ ಹೊದಿಕೆ ಎತ್ತಿ ನೋಡಿದನಂತೆ, “ಅಯ್ಯೋ, ನಿನ್ನ ಸುಮ್ ಸುಮ್ನೆ ಬೈದೆನಲ್ಲೇ” ಎಂದನಂತೆ. ಅತ್ತಿಗೆ ನಕ್ಕು ಅತ್ತರಂತೆ. ಇಷ್ಟು ಸರಾಗವಾಗಿ ಒಂದು ಕ್ಷಮೆ ಮುಗಿದುಹೋಗುವುದಾದರೆ ತನ್ನದೂ ಮುಗಿಯುತ್ತದೆ ಎಂದು ತಮ್ಮ ಆಸೆಪಟ್ಟ.

ಅಣ್ಣ ಶೆಡ್ಡಿಗೆ ಬರುವ ದಿನ ಅವನು ಮೊದಲೇ ಬಂದು ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಅಣ್ಣನ ಸ್ಟೂಲು ಒರೆಸಿದ. ಬಣ್ಣದ ಡಬ್ಬಿಗಳನ್ನು ಹಳೆಯ ಕ್ರಮದಲ್ಲೇ ಜೋಡಿಸಿ, ಕಡ್ಡಿಯನ್ನು ತೊಳೆದು ಅವುಗಳ ಮೇಲಿಟ್ಟ. ಬೇಕೆಂದೇ ಒಂದು ಬಿಳಿ ಕಾರಿನ ಗೀರನ್ನು ಉಜ್ಜಿ ಅವನಿಗಾಗಿ ಉಳಿಸಿಕೊಂಡಿದ್ದ. ಹೇಳಬೇಕಾದ ಮಾತನ್ನು ಕನ್ನಡಿಯ ಮುಂದೆ ಎರಡು ಸಲ ಹೇಳಿಕೊಂಡೂ ಬಂದಿದ್ದ.

ಅಣ್ಣ ಬಂದವನು ಡಬ್ಬಿಗಳ ಕಡೆ ಹೋಗಲಿಲ್ಲ, ನೇರ ತಗಡಿನ ಮುಂದೆ ನಿಂತ. ಕೊನೆಯ ಸಾಲಿನ ಮೇಲೆ ಬೆರಳು ನಡೆಸುತ್ತಾ ಹೋಗಿ ನಡುವೆ ನಿಲ್ಲಿಸಿದ.

“ಇಲ್ಲಿಂದ” ಎಂದ.

“ಅಣ್ಣ, ನಾನು...”

“ನೀನು ಅವತ್ತು ಹೇಳಿದ್ದು ಸರಿಯಾಗೇ ಇತ್ತು ಕಣೋ. ಇಷ್ಟು ನೀಲಿ! ಟೀಚರಮ್ಮ ಪಾಪ, ಎಷ್ಟು ಮೆತ್ತಗೆ ಹೇಳಿದ್ರು. ನೀನು ಆ ಕಡ್ಡಿ ಕಿತ್ಕೊಳ್ದಿದ್ರೆ ಇನ್ನೂ ಎಷ್ಟು ಜನರ ಕಾರು ಕೆಡಿಸ್ತಿದ್ನೋ.”

ಅಣ್ಣ ಇದನ್ನು ಕೊಂಕಿಲ್ಲದೆ ಹೇಳಿದ. ಬೈದಿದ್ದರೆ ತಮ್ಮ ಕಾಲು ಹಿಡಿಯುತ್ತಿದ್ದ. ಕನ್ನಡಿಯ ಮುಂದೆ ಕಲಿತ ಮಾತಿಗೆ ಈಗ ಜಾಗವೇ ಉಳಿದಿರಲಿಲ್ಲ. ಕಡ್ಡಿಯನ್ನು ಸುಮ್ಮನೆ ಮುಂದಕ್ಕೆ ಹಿಡಿದ.

“ಬೇಡಪ್ಪ. ಮಿಷನ್ ಇದೆಯಲ್ಲ” ಎಂದ ಅಣ್ಣ. “ಮೂರು ವರ್ಷ ಎಲ್ಲಾ ಸರಿಯಾಗಿದೆ ಅಂತಾನೇ ಅಂದ್ಕೊಂಡಿದ್ದೆ ನೋಡು. ಇನ್ನು ನಂಗೆ ನಾನು ನೋಡಿದ್ದರ ಮೇಲೆ ನಂಬಿಕೆ ಬರಲ್ಲ.” ಬಕೆಟ್ಟಿನ ಪಕ್ಕದ ಮಣೆಯನ್ನು ಎಳೆದುಕೊಂಡು ಕೂತು, ವಾಟರ್ ಪೇಪರನ್ನು ನೀರಿಗದ್ದಿ, ತಮ್ಮ ಆಗಲೇ ಉಜ್ಜಿಟ್ಟಿದ್ದ ಗೀರಿನ ಸುತ್ತ ಮತ್ತೆ ಉಜ್ಜತೊಡಗಿದ.

ತಮ್ಮ ತಾನೇ ಡಬ್ಬಿ ತೆರೆದ. ಬಿಳಿಗೆ ಕಪ್ಪು ಬಿಟ್ಟ, ಹಳದಿ ಬಿಟ್ಟ, ನೀಲಿ ಒಂದು ಹನಿ ಬಿಟ್ಟ. ತಗಡಿನ ಚೂರಿಗೆ ಬೊಟ್ಟು ಹಚ್ಚಿ, ಅಣ್ಣನ ಕಣ್ಣಿನ ನೇರಕ್ಕೆ ಕಾರಿನ ಪಕ್ಕ ಹಿಡಿದ. ಹನಿ ಸಾಲದು ಎಂದು ಅವನಿಗೆ ಗೊತ್ತಿತ್ತು, ಆದರೂ ಕೇಳಿದ.

“ಅಣ್ಣ, ಇನ್ನೊಂದ್ ಹನಿ ಬೇಕಾ?”

ಅಣ್ಣ ತಲೆ ಎತ್ತಲಿಲ್ಲ. “ನೀನು ನೋಡಿದ್ರೆ ಆಯ್ತಲ್ಲ” ಎಂದು ಉಜ್ಜುತ್ತಲೇ ಇದ್ದ.