ಸೌಟು ಬಿಟ್ಟುಕೊಟ್ಟ ನಂಜಮ್ಮ

ಬೆಳಗಿನ ಮಂಜು ಇನ್ನೂ ಸರಿದಿಲ್ಲ. ಕಳಸದ ಕಡೆಗೆ ಹೊರಟ ಮೊದಲ ಜೀಪಿನಿಂದ ಇಳಿದ ನಂಜಮ್ಮ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪ್ರೌಢಶಾಲೆಯ ಅಡುಗೆಮನೆಯ ಬೀಗ ತೆಗೆಯುತ್ತಾರೆ. ಮಕ್ಕಳ ಹಾಲಿಗೆ ಒಲೆ ಹಚ್ಚಿ, ಸಾಂಬಾರಿಗೆ ಸೌತೆಕಾಯಿ ಹೆಚ್ಚಲು ಕೂರುತ್ತಾರೆ. "ಹಾಲು ತಳ ಹಿಡಿದ್ರೆ ಮಕ್ಕಳು ಮುಖ ಸಿಂಡರಿಸ್ತವೆ" ಎನ್ನುತ್ತಾ ಮತ್ತೆ ಎದ್ದು ತಿರುವುತ್ತಾರೆ.

ವಸ್ತಾರೆ ಅವರ ತವರು. ಗಂಡ ತೀರಿಕೊಂಡ ಮೇಲೆ ತುಂಡು ತೋಟ ನಂಬಿ ಬದುಕುವುದು ಕಷ್ಟವಾಗಿ ಬಿಸಿಯೂಟದ ಕೆಲಸಕ್ಕೆ ಸೇರಿದರು. ಆಗ ತೋಟದ ಮಾಲೀಕರ ಮಕ್ಕಳು ಜಗಲಿಯ ಮೇಲೆ, ಎಸ್ಟೇಟ್ ಕೂಲಿಕಾರರ ಲೈನ್ ಮನೆಗಳ ಮಕ್ಕಳು ಕೆಳಗೆ ಮೆಟ್ಟಿಲ ಬಳಿ ಕೂತು ಉಣ್ಣುತ್ತಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ, ಹಾಗೇ ನಡೆದುಬಂದಿತ್ತು. ನಂಜಮ್ಮ ಸೌಟು ಹಿಡಿದು ನಿಂತರು. "ಕಲೆತು ಕೂತ್ಕೊಳ್ಳಿ, ಆಮೇಲೆ ಬಡಿಸ್ತೀನಿ." ಮಕ್ಕಳ ಹಠ ಹಸಿವಿನ ಮುಂದೆ ನಿಲ್ಲಲಿಲ್ಲ. 'ಲೈನಿನವರು' ಎಂದು ಹಂಗಿಸುವ ಮಾತನ್ನೂ ಅವರು ಅಲ್ಲಿ ಆಡಗೊಡಲಿಲ್ಲ.

ಇದು ಯಾರ ಕಣ್ಣಿಗೂ ಬೀಳಲಿಲ್ಲ. ಮುಂದೆ ಸಮಾಜ ವಿಜ್ಞಾನ ಕಲಿಸಲು ತನುಜಾ ಟೀಚರ್ ಬಂದರು. ಮಕ್ಕಳ ಸಂಸತ್ತು ಕಟ್ಟಿದರು; ಮತದಾನ, ಮಂತ್ರಿಗಳು, ಚರ್ಚೆ ಎಲ್ಲವೂ ಶುರುವಾಯಿತು. ಪರಸ್ಪರ ಗೌರವಕ್ಕೆ ಈ ಶಾಲೆಯೇ ಮಾದರಿ ಎಂದು ಅತಿಥಿಗಳು ಬಂದು ಟೀಚರಿಗೆ ಶಾಲು ಹೊದಿಸಿದ ದಿನ, ನಂಜಮ್ಮ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಹೊಟ್ಟೆ ಉರೀತು. ಸುಳ್ಳು ಯಾಕೆ ಹೇಳ್ಲಿ? ಮಕ್ಕಳು ಮಿಸ್ ಮಿಸ್ ಅಂತ ಅವರ ಹಿಂದೆ ಓಡಿದ್ರೆ ನಂಗೆ ಅನ್ನ ಇಳೀತಿರ್ಲಿಲ್ಲ. ಅವರ ಕಾಫಿಗೆ ಬೇಕಂತ್ಲೇ ಸಕ್ಕರೆ ಕಡಿಮೆ ಹಾಕ್ತಿದ್ದೆ. ಒಂದಿನಾನೂ ಕೇಳ್ಲಿಲ್ಲ ಅವರು. ಅದಕ್ಕೂ ಸಿಟ್ಟು."

ಕಳೆದ ಮಳೆಗಾಲ, ಇನ್ನು ಮಕ್ಕಳೇ ಸರದಿಯಲ್ಲಿ ಬಡಿಸಬೇಕೆಂದು ಸಂಸತ್ತು ತೀರ್ಮಾನಿಸಿತು. ಆಹಾರ ಮಂತ್ರಿಯಾಗಿದ್ದ ಒಂಬತ್ತನೇ ತರಗತಿಯ ಮೋನಿಕಾ ಬಂದು ಸೌಟು ಕೇಳಿದಳು. ಅವಳ ಮನೆ ಎಸ್ಟೇಟ್ ಲೈನಿನಲ್ಲಿ.

"ಲೈನಿನೋಳು ನೀನು, ನಂಗೆ ಹೇಳೋಕೆ ಬರ್ತೀಯಾ?"

ಆಡಿದವರು ನಂಜಮ್ಮನೇ. ಇಡೀ ಪಂಕ್ತಿ ತಲೆಯೆತ್ತಿ ನೋಡಿತು. ಮೋನಿಕಾ ಉಣ್ಣದೆ ಎದ್ದುಹೋದಳು.

ಹೀಗೆ ಹಂಗಿಸಿದವರು ಪ್ರಾರ್ಥನೆಯ ವೇಳೆ ಎಲ್ಲರೆದುರು ಕ್ಷಮೆ ಕೇಳಬೇಕೆಂಬುದು ಸಂಸತ್ತಿನ ನಿಯಮ. ತನುಜಾ ಟೀಚರ್ ಅಡುಗೆಮನೆಗೇ ಬಂದರು. "ನೀವು ದೊಡ್ಡವರು ನಂಜಮ್ಮ, ಬಿಡಿ. ಮಕ್ಕಳಿಗೆ ನಾನು ಹೇಳ್ತೀನಿ."

ಆ ಒಳ್ಳೆಯತನವೇ ನಂಜಮ್ಮನನ್ನು ಚುಚ್ಚಿತು. "ನನ್ನ ತಪ್ಪನ್ನೂ ನೀವೇ ಸರಿಮಾಡ್ಬೇಡಿ ಟೀಚರ್" ಎಂದರು.

ಮರುದಿನ ಮಕ್ಕಳ ಮುಂದೆ ನಿಂತರು. "ಮೋನಿಕಾ, ಆಡಬಾರದ ಮಾತು ಆಡ್ದೆ. ತಪ್ಪಾಯ್ತು ಮಗ." ಮಧ್ಯಾಹ್ನ ಹುಡುಗಿ ಬಂದು ಕೈ ಚಾಚಿದಳು. "ಈಗ ಕೊಡ್ತೀರಾ, ಅಕ್ಕ?" ನಂಜಮ್ಮ ಸೌಟು ಕೊಟ್ಟರು.

ಈಗ ಬಡಿಸುವವರು ಮಕ್ಕಳು. ಹೊಟ್ಟೆಕಿಚ್ಚು ಹೋಯಿತೇ ಎಂದರೆ ನಂಜಮ್ಮ ನಗುತ್ತಾರೆ.

"ಎಲ್ಲಿ ಹೋಗುತ್ತೆ ಮಾರಾಯ್ರೆ! ಜೂನಿಗೆ ಎಂಟನೇ ಕ್ಲಾಸಿಗೆ ಹೊಸ ಮಕ್ಕಳು ಬರ್ತವೆ. ಮೊದಲ್ನೇ ದಿನ ಅವನ್ನ ಪಕ್ಕಪಕ್ಕ ಕೂರಿಸೋಳು ನಾನೇ. ಅದೊಂದನ್ನ ಟೀಚರಿಗೆ ಬಿಟ್ಕೊಡಲ್ಲ."